ಜರ್ಮನಿಯ ಇಂಧನ ಪರಿವರ್ತನೆ: ವೆಚ್ಚ ಯಾರ ಖಾತೆಗೆ?

ವಿದ್ಯುತ್ ಬಿಲ್ ಕೈಗೆ ಬಂದಾಗ ಉದ್ಯಮಿಯ ದೃಷ್ಟಿ ಮೊದಲು ಹರಿಯುವುದು ಕೊನೆಯ ಮೊತ್ತದ ಕಡೆಗೆ, ಅನಂತರ ಪಾವತಿಯ ಕಡೆಯ ದಿನಾಂಕದ ಕಡೆಗೆ. ನಡುವಿನ ಸಾಲುಗಳನ್ನು ಓದುವವರು ವಿರಳ. ಆದರೆ ಒಂದು ದೇಶವು ಕಲ್ಲಿದ್ದಲನ್ನೂ ಅಣುಶಕ್ತಿಯನ್ನೂ ಬಿಟ್ಟು ಗಾಳಿ ಮತ್ತು ಬಿಸಿಲಿನ ಕಡೆಗೆ ಹೊರಳುವಾಗ ಅದರ ವೆಚ್ಚವು ಯಾರ ಹೆಗಲ ಮೇಲೆ ಬಿತ್ತೆಂಬುದು ತಿಳಿಯುವುದು ಆ ನಡುವಿನ ಸಾಲುಗಳಿಂದಲೇ. ಜರ್ಮನಿಯ ಬಿಲ್‌ನಲ್ಲಿ 2000ದಿಂದ 2022ರವರೆಗೆ ಗ್ರಾಹಕನು ಹೊತ್ತ ಅಂತಹ ಒಂದು ಬಾಬತ್ತು ಇತ್ತು. ಆ ಬಾಬತ್ತಿನ ಹುಟ್ಟು, ಬೆಳವಣಿಗೆ ಮತ್ತು ಅಂತ್ಯವನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಧನೆಯನ್ನು ಮೊದಲು ಹೇಳುವುದು ನ್ಯಾಯ. 2000ದಲ್ಲಿ ಜರ್ಮನಿಯು ಬಳಸುತ್ತಿದ್ದ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಶೇ. 6ರಷ್ಟು ಮಾತ್ರ. 2010ರಲ್ಲಿ ಅದು ಶೇ. 17 ಆಯಿತು, 2020ರಲ್ಲಿ ಶೇ. 45ನ್ನು ಮುಟ್ಟಿತು, 2023ರಲ್ಲಿ ಅರ್ಧವನ್ನು ದಾಟಿತು. ವರ್ಷದ ಬಹುಭಾಗ ಮೋಡ ಮುಸುಕಿದ, ಬಿಸಿಲಿಗೆ ಬಡತನವಿರುವ ದೇಶವೊಂದು ಇದನ್ನು ಸಾಧಿಸಿತು. ಇದು ವಿದ್ಯುತ್ತಿನ ಲೆಕ್ಕ ಮಾತ್ರವೆಂಬುದನ್ನೂ ಮರೆಯಬಾರದು. ಮನೆಗಳನ್ನು ಬೆಚ್ಚಗಿಡುವ ಇಂಧನ, ವಾಹನಗಳ ಇಂಧನ ಇವೆಲ್ಲವನ್ನೂ ಸೇರಿಸಿದರೆ ಪಾಲು ಐದನೆಯ ಒಂದರ ಆಸುಪಾಸಿನಲ್ಲಿದೆ.

ಕಾನೂನಿನ ಹಿನ್ನೆಲೆ

ಜರ್ಮನರು ಈ ಬದಲಾವಣೆಯನ್ನು ‘ಎನರ್ಗೀವೆಂಡೆ’ ಎನ್ನುತ್ತಾರೆ. ಇಂಧನದ ಹೊರಳುವಿಕೆ ಎಂದು ಅದರ ಅರ್ಥ. 1980ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ ಈ ಪದ ಬಳಕೆಗೆ ಬಂದಿತು. 1986ರ ಚೆರ್ನೋಬಿಲ್ ಅಪಘಾತದ ನಂತರ ಅಣುಶಕ್ತಿಯ ವಿರುದ್ಧ ಜನಾಭಿಪ್ರಾಯವು ಗಟ್ಟಿಗೊಂಡಿತು. ಆದರೂ ಮೊದಲ ಕಾಯಿದೆಯ ಹಿಂದೆ ಇದ್ದುದು ಹೆಚ್ಚು ಲೌಕಿಕವಾದ ಒಂದು ಕಾರಣ. ದಕ್ಷಿಣದ ಬವೇರಿಯಾ ಪ್ರಾಂತದಲ್ಲಿ ಹಳ್ಳತೊರೆಗಳ ಮೇಲೆ ಕಿರು ಜಲವಿದ್ಯುತ್ ಘಟಕಗಳನ್ನು ನಡೆಸುತ್ತಿದ್ದ ಸಣ್ಣ ಮಾಲೀಕರಿಗೆ ದೊಡ್ಡ ವಿದ್ಯುತ್ ಕಂಪನಿಗಳು ಸರಿಯಾದ ಬೆಲೆ ಕೊಡುತ್ತಿರಲಿಲ್ಲ. ಅವರ ದೂರಿಗೆ ಸಂಸತ್ತಿನಲ್ಲಿ ಬೆಂಬಲ ದೊರೆಯಿತು. 1 ಜನವರಿ 1991ರಿಂದ ಜಾರಿಗೆ ಬಂದ ಕಾಯಿದೆಯು, ಇಂತಹ ಉತ್ಪಾದಕರು ಕೊಡುವ ವಿದ್ಯುತ್ತನ್ನು ಆಯಾ ಪ್ರದೇಶದ ಕಂಪನಿಯು ಕೊಳ್ಳಲೇಬೇಕೆಂದು ವಿಧಿಸಿತು. ದೊಡ್ಡ ಪರಿವರ್ತನೆಯೊಂದರ ಬೀಜವು ಸಣ್ಣ ಉತ್ಪಾದಕರ ಬಾಕಿ ಬೆಲೆಯ ಜಗಳದಲ್ಲಿತ್ತೆಂಬುದು ವರ್ತಕ ಸಮುದಾಯಕ್ಕೆ ಸ್ವಾರಸ್ಯವೆನಿಸಬಹುದು.

ಆ ಕಾಯಿದೆಯಲ್ಲಿ ಒಂದು ದೋಷವಿತ್ತು. ಗಾಳಿಯಂತ್ರಗಳು ಎದ್ದದ್ದು ಉತ್ತರದ ಕರಾವಳಿಯಲ್ಲಿ. ಆದುದರಿಂದ ಕೊಳ್ಳುವ ಭಾರವೂ ಉತ್ತರದ ಕಂಪನಿಗಳ ಮೇಲೆಯೇ ಬಿದ್ದಿತು. 1 ಏಪ್ರಿಲ್ 2000ದಂದು ಜಾರಿಗೆ ಬಂದ ನವೀಕರಿಸಬಹುದಾದ ಇಂಧನ ಕಾಯಿದೆಯು ಇದನ್ನು ಸರಿಪಡಿಸಿ, ಭಾರವನ್ನು ಇಡೀ ದೇಶದ ಗ್ರಾಹಕರ ಮೇಲೆ ಹಂಚಿತು. ಸಂಸತ್ ಸದಸ್ಯರಾದ ಹೆರ್ಮಾನ್ ಷೇರ್ ಮತ್ತು ಹಾನ್ಸ್ ಯೋಸೆಫ್ ಫೆಲ್ ಇದರ ರೂವಾರಿಗಳಲ್ಲಿ ಪ್ರಮುಖರು. ಕಾಯಿದೆಯ ತಿರುಳು ಹೀಗಿದೆ: ಗಾಳಿ, ಬಿಸಿಲು, ಜೈವಿಕ ಮೂಲಗಳಿಂದ ವಿದ್ಯುತ್ ತಯಾರಿಸುವ ಯಾರನ್ನೇ ಆಗಲಿ ಜಾಲವು ತನ್ನೊಳಗೆ ಸೇರಿಸಿಕೊಳ್ಳಬೇಕು, ಅವರ ವಿದ್ಯುತ್ತಿಗೆ ಕಾಯಿದೆಯಲ್ಲಿಯೇ ನಮೂದಿಸಿದ ಬೆಲೆಯನ್ನು 20 ವರ್ಷ ಕೊಡಬೇಕು, ಹಾಗೆ ಕೊಟ್ಟ ಹೆಚ್ಚುವರಿ ಹಣವನ್ನು ಎಲ್ಲ ಗ್ರಾಹಕರಿಂದ ವಸೂಲು ಮಾಡಬೇಕು. ಸೌರ ವಿದ್ಯುತ್ತಿಗೆ ಮೊದಲಿಗೆ ನಿಗದಿಯಾದ ಬೆಲೆ ಯೂನಿಟ್‌ಗೆ 99 ಫೆನ್ನಿಗ್, ಅಂದರೆ 50.6 ಸೆಂಟ್. ಆಗ ಮನೆಯ ಗ್ರಾಹಕನು ಒಂದು ಯೂನಿಟ್‌ಗೆ ತೆರುತ್ತಿದ್ದುದು ಸುಮಾರು 14 ಸೆಂಟ್. ಮಾರುವ ಬೆಲೆಯ ಮೂರೂವರೆ ಪಟ್ಟಿಗೆ ಸರಕು ಕೊಳ್ಳುವ ವ್ಯಾಪಾರ ಇದು.

ಈ ಹಣವು ಸರ್ಕಾರದ ಖಜಾನೆಯನ್ನು ಹಾದುಹೋಗಲಿಲ್ಲ. ಗ್ರಾಹಕನಿಂದ ವಿದ್ಯುತ್ ಮಾರಾಟಗಾರನಿಗೆ, ಅವನಿಂದ ಪ್ರಸರಣ ಕಂಪನಿಗೆ, ಅಲ್ಲಿಂದ ಉತ್ಪಾದಕನಿಗೆ ಅದು ನೇರವಾಗಿ ಹರಿಯಿತು. ಇದು ಸರ್ಕಾರಿ ಸಹಾಯಧನವೇ ಎಂಬ ಪ್ರಶ್ನೆಯು ಹಳೆಯ ಕಾಯಿದೆಯ ಸಂಬಂಧದಲ್ಲಿ ಯೂರೋಪಿನ ನ್ಯಾಯಾಲಯದ ಮುಂದೆ ಬಂದಿತು. ಸರ್ಕಾರದ ಸಂಪನ್ಮೂಲದಿಂದ ಹೊರಬೀಳದ ಹಣ ಸಹಾಯಧನವಾಗದೆಂದು ಆ ನ್ಯಾಯಾಲಯವು 13 ಮಾರ್ಚ್ 2001ರಂದು, ಪ್ರಾಯ್ಸನ್ ಎಲೆಕ್ಟ್ರಾ ಎಂಬ ಕಂಪನಿಯ ಪ್ರಕರಣದಲ್ಲಿ, ತೀರ್ಪಿತ್ತಿತು. ಹೀಗೆ ವೆಚ್ಚವು ಮುಂಗಡಪತ್ರದ ಹೊರಗೆ ಉಳಿಯಿತು. ಇದರಿಂದ ಆದ ಲಾಭವೆಂದರೆ, ಹಣಕಾಸು ಮಂತ್ರಿಯು ಒಂದು ಕೆಟ್ಟ ವರ್ಷದಲ್ಲಿ ಅದನ್ನು ಕಡಿತಗೊಳಿಸುವಂತಿರಲಿಲ್ಲ. ನಷ್ಟವೆಂದರೆ, ತೆರಿಗೆಯು ಆದಾಯವನ್ನು ನೋಡಿ ಬೀಳುತ್ತದೆ. ಬಿಲ್‌ನ ಸರ್ಚಾರ್ಜ್ ಯೂನಿಟ್ಟನ್ನು ನೋಡಿ ಬೀಳುತ್ತದೆ. ಲಾಭದಲ್ಲಿರುವವನೂ ನಷ್ಟದಲ್ಲಿರುವವನೂ ಒಂದೇ ದರ ತೆರಬೇಕು.

ಬ್ಯಾಂಕಿಗೆ ಒಪ್ಪಿಗೆಯಾದ ಕಾಗದ

ದುಬಾರಿ ಬೆಲೆಯೊಂದರಿಂದಲೇ ಇಷ್ಟು ಜನ ಬಂಡವಾಳ ಹೂಡುತ್ತಿರಲಿಲ್ಲ. ಹೂಡಿಕೆಗೆ ಧೈರ್ಯ ಕೊಟ್ಟದ್ದು ‘20 ವರ್ಷ’ ಎಂಬ ಎರಡು ಪದಗಳು. ಬೆಲೆ ಗೊತ್ತು, ಕೊಳ್ಳುವವನು ಗೊತ್ತು, ಅವಧಿ ಗೊತ್ತು. ಬಿಸಿಲಿನ ಸರಾಸರಿಯೂ ಹೆಚ್ಚುಕಡಿಮೆ ಗೊತ್ತು. ಇಷ್ಟು ತಿಳಿದಿದ್ದರೆ ಯಾವ ಬ್ಯಾಂಕಿನ ಅಧಿಕಾರಿಯಾದರೂ ಸಾಲದ ಕಂತನ್ನು ಅರ್ಧ ಗಂಟೆಯಲ್ಲಿ ಲೆಕ್ಕ ಹಾಕಬಲ್ಲನು. ಕೊಟ್ಟಿಗೆಯ ಮಾಡಿನ ಮೇಲೆ ಫಲಕಗಳನ್ನು ಹೊದಿಸಿದ ರೈತನಿಗೆ ಹಾಲಿನ ದರಕ್ಕಿಂತ ಬಿಸಿಲಿನ ದರವೇ ಹೆಚ್ಚು ಸ್ಥಿರವಾದ ಆದಾಯವಾಯಿತು. ಊರಿನವರು ಸೇರಿ ಸಹಕಾರ ಸಂಘ ಕಟ್ಟಿಕೊಂಡರು. 2012ರ ಹೊತ್ತಿಗೆ ದೇಶದ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೈತರು, ಮನೆಮಾಲೀಕರು, ಸಹಕಾರ ಸಂಘಗಳಂತಹ ನಾಗರಿಕರ ಕೈಯಲ್ಲಿತ್ತು. ದೊಡ್ಡ ವಿದ್ಯುತ್ ಕಂಪನಿಗಳು ಈ ಹೊಸ ವ್ಯಾಪಾರಕ್ಕೆ ತಡವಾಗಿ ಇಳಿದವು.

ಆದರೆ ಒಬ್ಬನ ನಿಶ್ಚಿತ ಆದಾಯವು ಮತ್ತೊಬ್ಬನ ನಿಶ್ಚಿತ ಹೊಣೆಗಾರಿಕೆ. 2004ರಲ್ಲಿ ಸಣ್ಣ ಛಾವಣಿ ಘಟಕಗಳ ದರವನ್ನು 57.4 ಸೆಂಟ್‌ಗೆ ಏರಿಸಲಾಯಿತು. ಆ ವರ್ಷ ಹಾಕಿದ ಫಲಕಕ್ಕೆ ಅದೇ ದರವನ್ನು 2024ರವರೆಗೂ ಕೊಡಬೇಕು. ಫಲಕಗಳ ಬೆಲೆ ಇಳಿದಂತೆ ಹೊಸಬರಿಗೆ ದರವನ್ನು ಇಳಿಸುತ್ತಾ ಬಂದರು. 2012ರ ಏಪ್ರಿಲ್ ವೇಳೆಗೆ ಅದು 19.5 ಸೆಂಟ್ ಆಗಿತ್ತು. ಆದರೆ ದರದ ಇಳಿಕೆಗಿಂತ ಫಲಕಗಳ ಬೆಲೆಯ ಇಳಿಕೆ ವೇಗವಾಗಿತ್ತು. ಹೀಗಾಗಿ 2010, 2011, 2012ರ ಪ್ರತಿಯೊಂದು ವರ್ಷವೂ 7,000 ಮೆಗಾವಾಟ್‌ಗೂ ಹೆಚ್ಚು ಸೌರ ಸಾಮರ್ಥ್ಯ ಸೇರ್ಪಡೆಯಾಯಿತು. ಕಂಪನಿಯೊಂದು ಇಂತಹ ದೀರ್ಘಾವಧಿಯ ಖರೀದಿ ಕರಾರುಗಳಿಗೆ ಸಹಿ ಹಾಕಿದ್ದರೆ ಲೆಕ್ಕ ಪರಿಶೋಧಕನು ಅದನ್ನು ಅಢಾವೆ ಪತ್ರಿಕೆಯ ಟಿಪ್ಪಣಿಯಲ್ಲಾದರೂ ನಮೂದಿಸಿರೆಂದು ಹಟ ಹಿಡಿಯುತ್ತಿದ್ದನು. ದೇಶದ ಗ್ರಾಹಕರಿಗೆ ಅಂತಹ ಅಢಾವೆ ಪತ್ರಿಕೆ ಇರುವುದಿಲ್ಲ.

ಸರ್ಚಾರ್ಜ್ ಬೆಳೆದ ಬಗೆ

ಈ ಪರಿವರ್ತನೆಯು ಸಾಮಾನ್ಯ ಕುಟುಂಬಕ್ಕೆ ತಿಂಗಳಿಗೆ ಒಂದು ಯೂರೋದಷ್ಟು, ಒಂದು ಐಸ್‌ಕ್ರೀಮಿನಷ್ಟು ಮಾತ್ರ ವೆಚ್ಚ ತರುವುದೆಂದು ಅಂದಿನ ಪರಿಸರ ಮಂತ್ರಿ ಯುರ್ಗೆನ್ ಟ್ರಿಟಿನ್ 2004ರಲ್ಲಿ ಹೇಳಿದ್ದರು. ಆ ದಿನದ ಮಟ್ಟಿಗೆ ಅದು ಸುಳ್ಳೇನೂ ಅಲ್ಲ. 2003ರಲ್ಲಿ ಸರ್ಚಾರ್ಜ್ ಯೂನಿಟ್‌ಗೆ 0.41 ಸೆಂಟ್ ಇತ್ತು. ಅದು 2010ರಲ್ಲಿ 2.05, 2011ರಲ್ಲಿ 3.53, 2013ರಲ್ಲಿ 5.277, 2014ರಲ್ಲಿ 6.24 ಸೆಂಟ್ ಆಯಿತು, 2017ರಲ್ಲಿ 6.88 ಸೆಂಟ್‌ಗೇರಿ ಶಿಖರ ಮುಟ್ಟಿತು. ವರ್ಷಕ್ಕೆ 3,500 ಯೂನಿಟ್ ಬಳಸುವ ಮನೆಗೆ 2014ರಲ್ಲಿ ಈ ಒಂದು ಬಾಬತ್ತಿನಲ್ಲಿಯೇ ತಿಂಗಳಿಗೆ 18 ಯೂರೋಗೂ ಹೆಚ್ಚು ಬಿದ್ದಿತು. ವಿರೋಧಿಗಳು ಮಂತ್ರಿಗೆ ಆ ಐಸ್‌ಕ್ರೀಮನ್ನು ಮತ್ತೆ ಮತ್ತೆ ನೆನಪಿಸಿದರು.

ಈ ಏರಿಕೆಗೆ ಹೊಸ ಘಟಕಗಳ ಸಂಖ್ಯೆಯೊಂದೇ ಕಾರಣವಲ್ಲ. ಸರ್ಚಾರ್ಜಿನ ಸೂತ್ರದಲ್ಲಿಯೇ ಒಂದು ವಿಚಿತ್ರವಿದೆ. ವ್ಯಾಪಾರಸ್ಥರು ಅದನ್ನು ನಿಧಾನವಾಗಿ ಓದಬೇಕು.

2010ರಿಂದ ನಾಲ್ಕು ಪ್ರಸರಣ ಕಂಪನಿಗಳು ಈ ವಿದ್ಯುತ್ತನ್ನೆಲ್ಲ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಾರಬೇಕೆಂದು ಗೊತ್ತುಮಾಡಲಾಯಿತು. ಉತ್ಪಾದಕನಿಗೆ ಕೊಟ್ಟ ನಿಗದಿತ ದರಕ್ಕೂ ಮಾರುಕಟ್ಟೆಯಲ್ಲಿ ಬಂದ ದರಕ್ಕೂ ಇರುವ ಅಂತರವೇ ಸರ್ಚಾರ್ಜಿನ ಮೂಲ. ವಿನಿಮಯ ಕೇಂದ್ರದಲ್ಲಿ ಅತಿ ಕಡಿಮೆ ಬೆಲೆ ಕೇಳುವ ಉತ್ಪಾದಕನಿಂದ ಆರಂಭಿಸಿ, ಬೇಡಿಕೆ ತೀರುವವರೆಗೆ ಒಬ್ಬೊಬ್ಬರನ್ನೇ ಒಪ್ಪಿಕೊಳ್ಳುತ್ತಾರೆ. ಕೊನೆಗೆ ಒಪ್ಪಿಗೆಯಾದವನ ಬೆಲೆಯೇ ಎಲ್ಲರಿಗೂ ಸಲ್ಲುತ್ತದೆ. ಗಾಳಿ ಬಿಸಿಲುಗಳಿಗೆ ಇಂಧನದ ವೆಚ್ಚವಿಲ್ಲ. ಅವು ಸಾಲಿನ ಮುಂದಕ್ಕೆ ಬಂದು ನಿಲ್ಲುತ್ತವೆ, ದುಬಾರಿ ಘಟಕಗಳು ಸಾಲಿನ ಹೊರಗೆ ತಳ್ಳಲ್ಪಡುತ್ತವೆ, ಸಗಟು ಬೆಲೆ ಇಳಿಯುತ್ತದೆ. 2008ರಲ್ಲಿ ಯೂನಿಟ್‌ಗೆ ಸರಾಸರಿ 6.6 ಸೆಂಟ್ ಇದ್ದ ಸಗಟು ದರವು 2016ರಲ್ಲಿ 2.9 ಸೆಂಟ್‌ಗೆ ಬಂದಿತು. ಇಂಧನದ ಬೆಲೆ, ಬೇಡಿಕೆಯ ಕುಸಿತ ಇವೂ ಅದಕ್ಕೆ ಕಾರಣಗಳಾಗಿದ್ದವು. ಸಗಟು ಬೆಲೆ ಇಳಿದರೆ ಗ್ರಾಹಕನಿಗೆ ಸಂತೋಷವಾಗಬೇಕು. ಆದರೆ 57.4 ಸೆಂಟ್ ಕೊಡಬೇಕಾದ ಹಳೆಯ ಘಟಕವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾರುಕಟ್ಟೆ 6.6 ಕೊಟ್ಟರೆ ಗ್ರಾಹಕರಿಂದ ತುಂಬಬೇಕಾದ ಅಂತರ 50.8, ಮಾರುಕಟ್ಟೆ 2.9 ಕೊಟ್ಟರೆ ಅಂತರ 54.5. ಸರಕು ಅಗ್ಗವಾದಷ್ಟೂ ಸರ್ಚಾರ್ಜ್ ದುಬಾರಿ.

ಸಗಟು ಮಾರುಕಟ್ಟೆಯಲ್ಲಿ ನೇರವಾಗಿ ಕೊಳ್ಳುವ ಬೃಹತ್ ಕಾರ್ಖಾನೆಗೆ ಅಗ್ಗದ ಬೆಲೆ ಆ ದಿನವೇ ದೊರಕಿತು. ಚಿಲ್ಲರೆ ಮಾರಾಟಗಾರನಿಂದ ವಾರ್ಷಿಕ ಕರಾರಿನಲ್ಲಿ ಕೊಳ್ಳುವ ಸಣ್ಣ ಗ್ರಾಹಕನಿಗೆ ಆ ಲಾಭವು ತಡವಾಗಿ, ತುಂಡುತುಂಡಾಗಿ ಬಂದಿತು. ಸರ್ಚಾರ್ಜಿನ ಹೊಸ ದರ ಮಾತ್ರ ಪ್ರತಿ ಜನವರಿಯಲ್ಲಿ ತಪ್ಪದೆ ಬಂದಿತು.

ವಿನಾಯಿತಿಯ ಲೆಕ್ಕ

ಕಾಯಿದೆಯ ನಿಜವಾದ ಪರೀಕ್ಷೆ ನಡೆದದ್ದು ವಿನಾಯಿತಿಯ ವಿಷಯದಲ್ಲಿ. ಅಲ್ಯೂಮಿನಿಯಂ, ಉಕ್ಕು, ರಾಸಾಯನಿಕ, ಕಾಗದ ಮೊದಲಾದ ಉದ್ಯಮಗಳಲ್ಲಿ ವಿದ್ಯುತ್ತೇ ಮುಖ್ಯ ಕಚ್ಚಾ ಸಾಮಗ್ರಿಯಿದ್ದಂತೆ. ಹೊರದೇಶದ ಸ್ಪರ್ಧಿಗಳು ತೆರದ ಸರ್ಚಾರ್ಜನ್ನು ಅವುಗಳ ಮೇಲೆ ಪೂರ್ಣವಾಗಿ ಹೇರಿದರೆ ಕಾರ್ಖಾನೆಗಳೇ ದೇಶ ಬಿಟ್ಟಾವೆಂಬ ಭಯ ಅಕಾರಣವಲ್ಲ. ಆದುದರಿಂದ ಅವಕ್ಕೆ ರಿಯಾಯಿತಿ ಕೊಡಲಾಯಿತು. ಮೊದಲು ವರ್ಷಕ್ಕೆ ಒಂದು ಕೋಟಿ ಯೂನಿಟ್ ಬಳಸುವವರಿಗಿದ್ದ ಈ ಸೌಲಭ್ಯವನ್ನು 2012ರ ತಿದ್ದುಪಡಿಯು ಹತ್ತು ಲಕ್ಷ ಯೂನಿಟ್ ಬಳಸುವವರವರೆಗೂ ಇಳಿಸಿತು. ವಿದ್ಯುತ್ ವೆಚ್ಚವು ಒಟ್ಟು ಮೌಲ್ಯವರ್ಧನೆಯ ಶೇ. 14ರಷ್ಟಾದರೂ ಇರಬೇಕೆಂಬ ಷರತ್ತೂ ಇತ್ತು. ಅರ್ಹರಾದವರು ಮೊದಲ ಹತ್ತು ಲಕ್ಷ ಯೂನಿಟ್‌ಗೆ ಪೂರ್ಣ ಸರ್ಚಾರ್ಜ್, ಅಲ್ಲಿಂದ ಒಂದು ಕೋಟಿಯವರೆಗೆ ಶೇ. 10, ಮುಂದೆ ಹತ್ತು ಕೋಟಿಯವರೆಗೆ ಶೇ. 1, ಅದಕ್ಕೂ ಮೀರಿದ ಬಳಕೆಗೆ ಯೂನಿಟ್‌ಗೆ 0.05 ಸೆಂಟ್ ತೆರುತ್ತಿದ್ದರು.

2013ರ 5.277 ಸೆಂಟ್ ದರವನ್ನಿಟ್ಟುಕೊಂಡು ಒಂದು ಕಾಲ್ಪನಿಕ ಲೆಕ್ಕ ಮಾಡಬಹುದು. ವರ್ಷಕ್ಕೆ ಎರಡು ಕೋಟಿ ಯೂನಿಟ್ ಬಳಸುವ, ಷರತ್ತನ್ನು ಪೂರೈಸಿದ ಒಂದು ಎರಕದ ಕಾರ್ಖಾನೆಯಿದೆಯೆಂದು ಭಾವಿಸಿ. ಮೊದಲ ಹತ್ತು ಲಕ್ಷಕ್ಕೆ 52,770 ಯೂರೋ. ಮುಂದಿನ 90 ಲಕ್ಷಕ್ಕೆ 47,493. ಉಳಿದ ಒಂದು ಕೋಟಿಗೆ ಬರೇ 5,277. ಒಟ್ಟು 1,05,540 ಯೂರೋ. ವಿನಾಯಿತಿ ಇಲ್ಲದಿದ್ದರೆ ಅದು 10,55,400 ಯೂರೋ ತೆರಬೇಕಿತ್ತು. ಅದೇ ಬೀದಿಯಲ್ಲಿ ವರ್ಷಕ್ಕೆ ಐದು ಲಕ್ಷ ಯೂನಿಟ್ ಬಳಸುವ ಒಂದು ಯಂತ್ರಭಾಗಗಳ ವರ್ಕ್‌ಶಾಪ್ ಇದೆಯೆಂದುಕೊಳ್ಳಿ. ಅದಕ್ಕೆ ವಿನಾಯಿತಿಯಿಲ್ಲ, 26,385 ಯೂರೋ ತೆರಬೇಕು. ಕಾರ್ಖಾನೆಯ ಬಳಕೆ ವರ್ಕ್‌ಶಾಪಿನ ನಲವತ್ತು ಪಟ್ಟು. ಅದು ತೆತ್ತ ಸರ್ಚಾರ್ಜ್ ಕೇವಲ ನಾಲ್ಕು ಪಟ್ಟು. 

ದೊಡ್ಡವರಿಗೆ ಬಿಟ್ಟುಕೊಟ್ಟ ಹಣವು ಗಾಳಿಯಲ್ಲಿ ಕರಗಲಿಲ್ಲ. ಉಳಿದವರ ಯೂನಿಟ್‌ಗಳ ಮೇಲೆ ಹಂಚಿಕೆಯಾಯಿತು. 2014ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಈ ಸೌಲಭ್ಯ ಪಡೆದಿದ್ದವು. ರಿಯಾಯಿತಿಯ ಮೊತ್ತ ಸುಮಾರು 500 ಕೋಟಿ ಯೂರೋ. ಇತರರು ತೆತ್ತ 6.24 ಸೆಂಟ್‌ನಲ್ಲಿ ಒಂದು ಸೆಂಟ್‌ಗೂ ಹೆಚ್ಚಿನ ಭಾಗ ಈ ರಿಯಾಯಿತಿಯ ಪಾಲೇ ಆಗಿತ್ತು. ಯೂರೋಪಿಯನ್ ಆಯೋಗವು 2013ರ ಡಿಸೆಂಬರಿನಲ್ಲಿ ಇದರ ಬಗ್ಗೆ ವಿಚಾರಣೆ ಆರಂಭಿಸಿದ ಮೇಲೆ ನಿಯಮಗಳು ಬದಲಾದವು, ರಿಯಾಯಿತಿ ನಿಲ್ಲಲಿಲ್ಲ.

ಗೆರೆ ಎಳೆದಲ್ಲಿ ಗೆರೆ ದಾಟುವ ಉಪಾಯವೂ ಹುಟ್ಟುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದಲ್ಲ. ಮೌಲ್ಯವರ್ಧನೆಯ ಶೇ. 14 ಎಂಬ ಷರತ್ತಿನಲ್ಲಿ ಸ್ವಂತ ನೌಕರರ ಸಂಬಳವು ಮೌಲ್ಯವರ್ಧನೆಯೊಳಗೆ ಸೇರುತ್ತದೆ, ಗುತ್ತಿಗೆದಾರನಿಗೆ ಕೊಟ್ಟ ಹಣ ಹೊರಗಿನ ಖರೀದಿಯಾಗಿ ಕಳೆಯುತ್ತದೆ. ಸ್ವಂತ ನೌಕರರ ಬದಲಿಗೆ ಗುತ್ತಿಗೆ ಕಾರ್ಮಿಕರನ್ನಿಟ್ಟರೆ ಛೇದವು ಕುಗ್ಗಿ, ಶೇಕಡಾವಾರು ತಾನಾಗಿ ಏರುತ್ತದೆ. ಕಸಾಯಿಖಾನೆಗಳಂತಹ ಉದ್ಯಮಗಳಲ್ಲಿ ಇದರ ಬಗ್ಗೆ ಗಂಭೀರ ಆಕ್ಷೇಪಗಳೆದ್ದವು. ಇಂಧನದ ಕಾಯಿದೆಯೊಂದು ಕಾರ್ಮಿಕನ ನೇಮಕಾತಿ ಪತ್ರದ ಮೇಲೆ ಪರಿಣಾಮ ಬೀರಿದ ಬಗೆ ಇದು. ಹೊರಗಿನಿಂದ ಪಡೆದ ಕಾರ್ಮಿಕರ ವೆಚ್ಚವನ್ನು ಕಳೆಯುವಂತಿಲ್ಲವೆಂದು 2014ರ ಕಾಯಿದೆಯು ಈ ಕಿಂಡಿಯನ್ನು ಮುಚ್ಚಿತು.

ಇತ್ತ ಸಣ್ಣ ಉದ್ಯಮಿಗೂ ಒಂದು ದಾರಿಯಿತ್ತು: ತನ್ನ ಛಾವಣಿಯ ಮೇಲೆ ತಾನೇ ವಿದ್ಯುತ್ ತಯಾರಿಸಿ ತಾನೇ ಬಳಸಿದರೆ ಸರ್ಚಾರ್ಜ್ ಇಲ್ಲ. ಬಹಳ ಮಂದಿ ಆ ದಾರಿ ಹಿಡಿದರು. 2014ರ ಕಾಯಿದೆಯು 10 ಕಿಲೋವಾಟ್‌ಗೂ ದೊಡ್ಡದಾದ ಹೊಸ ಘಟಕಗಳ ಸ್ವಂತ ಬಳಕೆಯ ಮೇಲೂ ಸರ್ಚಾರ್ಜಿನ ಒಂದು ಭಾಗವನ್ನು ವಿಧಿಸಿತು. ತನ್ನ ಹಿತ್ತಲ ಬಾವಿಯ ನೀರಿಗೂ ನಗರಸಭೆ ಮೀಟರ್ ಹಾಕಿದಂತಾಯಿತೆಂದು ಅಲ್ಲಿನ ಸಣ್ಣ ಕೈಗಾರಿಕೆಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ಸರ್ಕಾರದ ಪಕ್ಷದಲ್ಲಿಯೂ ತರ್ಕವಿತ್ತು. ಒಬ್ಬೊಬ್ಬರೇ ಸಾಲಿನಿಂದ ಹೊರಗೆ ಹೋದರೆ ಉಳಿದವರ ತಲೆಯ ಮೇಲಿನ ಹೊರೆ ಅಷ್ಟಷ್ಟು ಹೆಚ್ಚುತ್ತದೆ.

ಲಾಭ ಎಲ್ಲಿಗೆ ಹೋಯಿತು?

ಇಷ್ಟು ವೆಚ್ಚದಿಂದ ದೇಶದಲ್ಲಿ ಬೃಹತ್ ಸೌರಫಲಕ ಉದ್ಯಮವು ನೆಲೆಯೂರುವುದೆಂಬ ನಿರೀಕ್ಷೆಯಿತ್ತು. ಆರಂಭದಲ್ಲಿ ಹಾಗೆಯೇ ಕಂಡಿತು. ಆದರೆ ಜರ್ಮನ್ ಗ್ರಾಹಕನು ಹುಟ್ಟಿಸಿದ ಬೇಡಿಕೆಯನ್ನು ಬಳಸಿಕೊಂಡು ಚೀನಾ ತನ್ನ ಕಾರ್ಖಾನೆಗಳನ್ನು ಬೆಳೆಸಿತು. ಒಮ್ಮೆ ವಿಶ್ವದ ಮುಂಚೂಣಿಯಲ್ಲಿದ್ದ ಕ್ಯೂ-ಸೆಲ್ಸ್ 2012ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿ, ಅನಂತರ ಕೊರಿಯಾದ ಹನ್ವಾ ಸಮೂಹದ ಪಾಲಾಯಿತು. ಸೋಲಾರ್‌ವರ್ಲ್ಡ್ 2017ರಲ್ಲಿ ಅದೇ ಹಾದಿ ಹಿಡಿಯಿತು. ಬೇಡಿಕೆಗೆ ಕೊಟ್ಟ ಪ್ರೋತ್ಸಾಹವು ತಯಾರಿಕೆಗೆ ಕೊಟ್ಟ ಪ್ರೋತ್ಸಾಹವಾಗದೆಂಬುದು ಇಲ್ಲಿ ಸ್ಪಷ್ಟ. ದರ ನಿಗದಿಯ ಪದ್ಧತಿಯೂ ಬದಲಾಯಿತು. 2015ರಲ್ಲಿ ನೆಲದ ಮೇಲಿನ ಸೌರ ಘಟಕಗಳಿಗೆ ಪ್ರಾಯೋಗಿಕವಾಗಿ ಹರಾಜು ನಡೆಸಿದಾಗ ಬಂದ ಸರಾಸರಿ ದರ 9.17 ಸೆಂಟ್, 2018ರ ಫೆಬ್ರವರಿಯಲ್ಲಿ 4.33 ಸೆಂಟ್. ಕಾಯಿದೆಯ ಪುಸ್ತಕದಲ್ಲಿ ಬೆಲೆ ಬರೆಯುವ ಬದಲು ಸ್ಪರ್ಧೆಗೆ ಬಿಟ್ಟಿದ್ದರೆ ಮೊದಲೇ ಎಷ್ಟು ಉಳಿಯುತ್ತಿತ್ತೆಂದು ಕೇಳುವುದು ಸುಲಭ. ಆದರೆ ಆ ಮೊದಲ ದುಬಾರಿ ಖರೀದಿಯಿಲ್ಲದೆ ಸ್ಪರ್ಧಿಗಳೇ ಹುಟ್ಟುತ್ತಿರಲಿಲ್ಲ.

ಆ ಖರೀದಿಯ ಫಲವನ್ನು ಉಂಡವರಲ್ಲಿ ಭಾರತವೂ ಒಂದು. 2010-11ರ ಸಾಲಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ಸೌರ ವಿದ್ಯುತ್ತಿಗೆ ನಿಗದಿಪಡಿಸಿದ್ದ ದರ ಯೂನಿಟ್‌ಗೆ ರೂ. 17.91. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಬಂದ ದರ ರೂ. 2.44. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿರ್ಮಿಸುವುದು ಸಾಧ್ಯವಾದುದು ಫಲಕಗಳು ಅಗ್ಗವಾದ ಮೇಲೆ. ಭಾರತವು ತಡವಾಗಿ ಕೊಂಡಿತು, ಅಗ್ಗಕ್ಕೆ ಕೊಂಡಿತು. ಆದರೆ ವೆಚ್ಚದ ಹಂಚಿಕೆಯ ಪ್ರಶ್ನೆ ಇಲ್ಲಿಯೂ ಬೇರೆ ವೇಷದಲ್ಲಿದೆ. ದೊಡ್ಡ ಗ್ರಾಹಕನು ಮುಕ್ತ ಪ್ರವೇಶದ ಮೂಲಕ ಹೊರಗಿನಿಂದ ಅಗ್ಗದ ವಿದ್ಯುತ್ ತಂದರೆ, ಅವನು ಹೊರುತ್ತಿದ್ದ ಅಡ್ಡ ಸಹಾಯಧನದ ಪಾಲು ಉಳಿದವರ ಮೇಲೆ ಬೀಳುತ್ತದೆ. ಅದನ್ನು ತುಂಬಿಕೊಳ್ಳಲೆಂದೇ 2003ರ ವಿದ್ಯುಚ್ಛಕ್ತಿ ಕಾಯಿದೆಯ 42ನೆಯ ಕಲಮು ಅಡ್ಡ ಸಹಾಯಧನ ಸರ್ಚಾರ್ಜಿಗೆ ಅವಕಾಶ ಕೊಟ್ಟಿದೆ. ಮುಕ್ತ ಪ್ರವೇಶ ಪಡೆದವರಿಗೆ ಈ ಸರ್ಚಾರ್ಜ್ ದಂಡದಂತೆ ಕಾಣುತ್ತದೆ. ಪಡೆಯಲಾಗದ ಸಣ್ಣ ಗ್ರಾಹಕನಿಗೆ ಅದೇ ರಕ್ಷಣೆ. ವಾಣಿಜ್ಯ ಸಂಸ್ಥೆಗಳು ಮನವಿಗೆ ಸಹಿ ಹಾಕುವ ಮೊದಲು ತಮ್ಮ ಸದಸ್ಯರಲ್ಲಿ ಯಾರು ಎಷ್ಟು ಮಂದಿ ಯಾವ ಕಡೆಗಿದ್ದಾರೆಂದು ಎಣಿಸಿಕೊಳ್ಳುವುದು ಒಳ್ಳೆಯದು.

ಸಾಲು ಅಳಿಸಿದ ಮೇಲೆ

ಜರ್ಮನಿಯ ಕತೆಗೆ ಮರಳಿದರೆ, ಅಣು ಸ್ಥಾವರಗಳ ವಿಷಯದಲ್ಲಿ ಆ ದೇಶ ಹಿಂದೆಮುಂದೆ ಓಲಾಡಿತು. 2002ರ ಕಾಯಿದೆಯು ಅವುಗಳನ್ನು ಹಂತಹಂತವಾಗಿ ಮುಚ್ಚಬೇಕೆಂದಿತು. ಆಂಗೆಲಾ ಮರ್ಕೆಲ್ ಅವರ ಸರ್ಕಾರ 2010ರಲ್ಲಿ ಅವಧಿ ವಿಸ್ತರಿಸಿತು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಷಿಮಾ ದುರಂತವಾದೊಡನೆ ಅದೇ ಸರ್ಕಾರ ನಿರ್ಧಾರವನ್ನು ಹಿಂದಕ್ಕೆ ಪಡೆಯಿತು. ಕೊನೆಯ ಮೂರು ಸ್ಥಾವರಗಳು 15 ಏಪ್ರಿಲ್ 2023ರಂದು ನಿಂತವು. ಕಲ್ಲಿದ್ದಲಿಗೆ 2020ರ ಕಾಯಿದೆಯು 2038ರ ಗಡುವು ಕೊಟ್ಟಿದೆ. ನಡುವೆ ಆಸರೆಯಾಗಿದ್ದುದು ರಷ್ಯಾದ ಅನಿಲ. 2021ರಲ್ಲಿ ಜರ್ಮನಿ ಆಮದು ಮಾಡಿಕೊಂಡ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿಂದಲೇ ಬಂದಿತ್ತು. 2022ರಲ್ಲಿ ಯುದ್ಧ ಆರಂಭವಾಗಿ ಕೊಳವೆ ಮುಚ್ಚಿತು. ವಿದ್ಯುತ್ತಿನ ಸಗಟು ದರ ಆ ವರ್ಷ ಸರಾಸರಿ ಯೂನಿಟ್‌ಗೆ 23.5 ಸೆಂಟ್‌ನಷ್ಟಾಯಿತು.

ಆಗ ಹಳೆಯ ಸೂತ್ರವು ತಿರುಗುಮುರುಗಾಗಿ ಓಡಿತು. ಮಾರುಕಟ್ಟೆ ದರವೇ ಬಹುಪಾಲು ಗಾಳಿಯಂತ್ರಗಳ ನಿಗದಿತ ದರವನ್ನು ಮೀರಿತು. ತುಂಬಬೇಕಾದ ಅಂತರ ಕುಗ್ಗಿ ಖಾತೆಯಲ್ಲಿ ಭಾರಿ ಜಮಾ ಶಿಲ್ಕು ನಿಂತಿತು. 2022ರ ಆರಂಭದಲ್ಲಿ 3.723 ಸೆಂಟ್‌ಗೆ ಇಳಿದಿದ್ದ ಸರ್ಚಾರ್ಜನ್ನು ಜುಲೈ 1ರಿಂದ ಸೊನ್ನೆಗೆ ತಂದರು. ಮುಂದೆ ಅದನ್ನು ರದ್ದುಗೊಳಿಸಿದರು. ಇಪ್ಪತ್ತೆರಡು ವರ್ಷಗಳ ಬಾಬತ್ತು ಬಿಲ್‌ನಿಂದ ಅಳಿಸಿಹೋಯಿತು. ಆದರೆ ಹೊಣೆಗಾರಿಕೆ ಅಳಿಯಲಿಲ್ಲ. 20 ವರ್ಷದ ವಾಗ್ದಾನಗಳು ಹಾಗೆಯೇ ಇದ್ದವು. ಅವುಗಳನ್ನು ಸರ್ಕಾರವು ತನ್ನ ಹವಾಮಾನ ನಿಧಿಯ ಮೇಲೆ ಹಾಕಿಕೊಂಡಿತು. ಬಾಕಿಯನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ವರ್ಗಾಯಿಸಿದಂತಾಯಿತು. 2023ರಲ್ಲಿ ಮಾರುಕಟ್ಟೆ ದರ ಮತ್ತೆ ಇಳಿಯತೊಡಗಿದಂತೆ ಅಂತರ ಮತ್ತೆ ಅಗಲವಾಯಿತು. ಈ ಬಾರಿ ಅದು ಖಜಾನೆಯ ಪಾಲಿಗೆ ಬಿದ್ದಿತು.

ಆ ನಿಧಿಯ ಕತೆಯೂ ಲೆಕ್ಕಿಗರ ಕತೆಯೇ. ಕೋವಿಡ್ ಪರಿಸ್ಥಿತಿಗೆಂದು ಸಂಸತ್ತು ಮಂಜೂರು ಮಾಡಿದ್ದ ಸಾಲದಲ್ಲಿ 6,000 ಕೋಟಿ ಯೂರೋ ಬಳಕೆಯಾಗದೆ ಉಳಿದಿತ್ತು. ಸರ್ಕಾರವು 2021ರ ಪೂರಕ ಮುಂಗಡಪತ್ರದ ಮೂಲಕ ಆ ಸಾಲದ ಅಧಿಕಾರವನ್ನು ಹವಾಮಾನ ನಿಧಿಗೆ ವರ್ಗಾಯಿಸಿ, ಮುಂದಿನ ವರ್ಷಗಳಲ್ಲಿ ಬಳಸಲೆಂದು ಇಟ್ಟುಕೊಂಡಿತು. ಒಂದು ವರ್ಷದ ತುರ್ತಿಗೆ ಎತ್ತಿದ ಸಾಲವನ್ನು ಬೇರೆ ವರ್ಷದ, ಬೇರೆ ಉದ್ದೇಶದ ಖರ್ಚಿಗೆ ಹೀಗೆ ಒಯ್ಯುವಂತಿಲ್ಲವೆಂದು ಸಂವಿಧಾನ ನ್ಯಾಯಾಲಯವು 15 ನವೆಂಬರ್ 2023ರಂದು ಆ ಪೂರಕ ಮುಂಗಡಪತ್ರವನ್ನೇ ಅನೂರ್ಜಿತಗೊಳಿಸಿತು. ಒಂದು ದಿನದಲ್ಲಿ ನಿಧಿಯಿಂದ 6,000 ಕೋಟಿ ಯೂರೋ ಮಾಯವಾಯಿತು.

ಪರಿಣಾಮವು ವರ್ಕ್‌ಶಾಪಿನ ಬಾಗಿಲಿಗೆ ಬರಲು ಎರಡು ತಿಂಗಳೂ ಬೇಕಾಗಲಿಲ್ಲ. ಗಾಳಿಯ ವಿದ್ಯುತ್ ಉತ್ತರದಲ್ಲಿದೆ, ಕಾರ್ಖಾನೆಗಳು ದಕ್ಷಿಣದಲ್ಲಿವೆ. ನಡುವೆ ಹಾಕಬೇಕಾದ ‘ಝ್ಯೂಡ್‌ಲಿಂಕ್’ ಎಂಬ ಸುಮಾರು 700 ಕಿಲೋಮೀಟರ್ ಮಾರ್ಗವು 2022ಕ್ಕೆ ಮುಗಿಯಬೇಕಿತ್ತು. ತಂತಿಯನ್ನು ನೆಲದಡಿ ಒಯ್ಯಬೇಕೆಂಬ ಜನರ ಒತ್ತಾಯದಿಂದ ಅದು 2028ರವರೆಗೆ ಮುಂದೆ ಹೋಯಿತು. ಅಲ್ಲಿಯವರೆಗೆ ಉತ್ತರದ ಗಾಳಿಯಂತ್ರವನ್ನು ನಿಲ್ಲಿಸಿ, ದಕ್ಷಿಣದಲ್ಲಿ ಬೇರೆ ಘಟಕವನ್ನು ಓಡಿಸಿ, ಇಬ್ಬರಿಗೂ ಹಣ ಕೊಡಬೇಕಾದ ಸ್ಥಿತಿ. ಇಂತಹ ಹೊಂದಾಣಿಕೆಗೆ 2022ರಲ್ಲಿ 400 ಕೋಟಿ ಯೂರೋಗೂ ಹೆಚ್ಚು ಖರ್ಚಾಯಿತು. ಇದು ಬಿಲ್‌ನಲ್ಲಿ ಜಾಲಶುಲ್ಕದ ಸಾಲಿನಲ್ಲಿ ಬರುತ್ತದೆ. ಅದನ್ನು ತಗ್ಗಿಸಲು 2024ಕ್ಕೆ 550 ಕೋಟಿ ಯೂರೋ ಸಹಾಯಧನ ಕೊಡುವುದಾಗಿ ಸರ್ಕಾರ ಒಪ್ಪಿತ್ತು. ತೀರ್ಪಿನ ನಂತರ, ಡಿಸೆಂಬರಿನಲ್ಲಿ, ಅದನ್ನು ಕೈಬಿಟ್ಟಿತು. 1 ಜನವರಿ 2024ರಂದು ಪ್ರಸರಣ ಶುಲ್ಕದ ಸರಾಸರಿ ಯೂನಿಟ್‌ಗೆ 3.12 ಸೆಂಟ್‌ನಿಂದ 6.43 ಸೆಂಟ್‌ಗೆ ಏರಿತು.

ಅದೇ ವರ್ಷದಿಂದ ತಯಾರಿಕಾ ಉದ್ಯಮಗಳಿಗೆ ವಿದ್ಯುತ್ ತೆರಿಗೆಯನ್ನು ಯೂರೋಪಿನ ಕನಿಷ್ಠ ಮಟ್ಟವಾದ 0.05 ಸೆಂಟ್‌ಗೆ ಇಳಿಸಿದರು. ಇದು ಸಣ್ಣ ತಯಾರಕರಿಗೂ ಅನ್ವಯವಾಯಿತು. ಚಿಲ್ಲರೆ ವ್ಯಾಪಾರಿಗಳಿಗೂ ಮನೆಗಳಿಗೂ ಇದೇ ಇಳಿಕೆಯನ್ನು ಕೊಡುವುದಾಗಿ 2025ರಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರವು ತನ್ನ ಒಪ್ಪಂದ ಪತ್ರದಲ್ಲಿ ಬರೆದುಕೊಂಡಿತ್ತು. ಆ ವರ್ಷದ ಬೇಸಿಗೆಯಲ್ಲಿ ಮುಂಗಡಪತ್ರದ ಲೆಕ್ಕ ಹಾಕಿದಾಗ ಹಣ ಸಾಲದೆ ಹೋಯಿತು. ಅಂಗಡಿಗಳಿಗೂ ಮನೆಗಳಿಗೂ ಕೊಡಬೇಕಿದ್ದ ಇಳಿಕೆಯನ್ನು ಮುಂದಕ್ಕೆ ಹಾಕಿದರು.